ಇನಾಮದಾರ ಮನೆತನದ ಇತಿಹಾಸ ಬರೆಯುವುದು ಹೇಗೆ: ವಿಜಯಪುರ ಸೀಮೆಯ ಹಳೆಯ ಕಾಗದಗಳ ಜಾಡು

ವಿಜಯಪುರ, ಬಾಗಲಕೋಟೆ ಸೀಮೆಯ ಹಳೆಯ ಮುಸ್ಲಿಂ ಜಹಗೀರದಾರ, ಇನಾಮದಾರ ಮನೆಗಳಲ್ಲಿ ಇತಿಹಾಸ ಕೇಳಿದರೆ ಮಾತು ಸಾಮಾನ್ಯವಾಗಿ ಆದಿಲಶಾಹಿ ದರ್ಬಾರಿನಿಂದ ಆರಂಭವಾಗುತ್ತದೆ. ದೂರದೇಶದಿಂದ ಬಂದ ಮೂಲಪುರುಷ, ಅವನಿಗೆ ಸುಲ್ತಾನ ಕೊಟ್ಟ ಹನ್ನೆರಡು ಹಳ್ಳಿ, ಅಲ್ಲಿಂದ ಒಂದೇ ನೆಗೆತಕ್ಕೆ ಅಜ್ಜನ ಕಾಲ. ನಡುವಿನ ಎರಡು ಶತಮಾನಗಳ ಸುದ್ದಿಯೇ ಇರುವುದಿಲ್ಲ. ಇಂಥ ಮನೆತನದ ಚರಿತ್ರೆ ಬರೆಯಲು ಕುಳಿತವರು ಮೂಲಪುರುಷನನ್ನು ಸದ್ಯಕ್ಕೆ ಬದಿಗಿಟ್ಟು, ಮನೆತನದ ಕೈಯಲ್ಲಿದ್ದ ಯಾವುದಾದರೂ ಒಂದು ಹೊಲದ ಸರ್ವೇ ನಂಬರನ್ನು ಹಿಡಿದು ಹಿಂದಕ್ಕೆ ನಡೆಯುವುದು ಲೇಸು. ಭೂಮಿಗೆ ಪ್ರತಿ ತಲೆಮಾರಿನಲ್ಲೂ ಯಾರೋ ಒಬ್ಬರು ಲೆಕ್ಕ ಬರೆದಿದ್ದಾರೆ; ವಂಶಕ್ಕೆ ಹಾಗೆ ಬರೆದವರು ಕಡಿಮೆ.

ಮೊದಲು ಉತಾರ (ಪಹಣಿ) ತೆಗೆಸಿ, ಅದರಲ್ಲಿ ನಮೂದಾದ ಹಕ್ಕು ಬದಲಾವಣೆಯ ಸಂಖ್ಯೆಗಳನ್ನು ಒಂದೊಂದಾಗಿ ಹಿಂದಕ್ಕೆ ಹಿಡಿದು ಹೋಗಬೇಕು. 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಗೇಣಿದಾರರು ನಮೂನೆ 7ರಲ್ಲಿ ಸಲ್ಲಿಸಿದ ಅರ್ಜಿಗಳು ಭೂ ನ್ಯಾಯಮಂಡಳಿಯ ಕಡತಗಳಲ್ಲಿವೆ. ಯಾವ ಹೊಲವನ್ನು ಯಾರು ಉಳುತ್ತಿದ್ದರೆಂಬುದು ಅಲ್ಲಿ ತಿಳಿಯುತ್ತದೆ. ಅದಕ್ಕೂ ಹಿಂದೆ, ಮುಂಬೈ ಸರ್ಕಾರ 1952ರಲ್ಲಿ ವೈಯಕ್ತಿಕ ಇನಾಮುಗಳನ್ನು ರದ್ದುಗೊಳಿಸಿದಾಗಿನ ದಾಖಲೆಗಳು ಸಿಗುತ್ತವೆ. ಅವುಗಳಲ್ಲಿ ಇನಾಮಿನ ವರ್ಗವನ್ನು ತಪ್ಪದೆ ಗಮನಿಸಿ. ಒಂದನೆಯ ವರ್ಗವೆಂದರೆ ರಾಜಕೀಯ ಸ್ವರೂಪದ ಜಹಗೀರು ಮತ್ತು ಸರಂಜಾಮು (ಮರಾಠರ ಕಾಲದ ಜಹಗೀರು), ಎರಡನೆಯದು ವೈಯಕ್ತಿಕ ಇನಾಮು, ಮೂರನೆಯದು ದೇವಸ್ಥಾನ ಇನಾಮು. ಹೆಸರು ದೇವಸ್ಥಾನವೆಂದಿದ್ದರೂ ಮಸೀದಿ, ದರ್ಗಾಗಳ ಭೂಮಿಯೂ ಈ ಮೂರನೆಯ ವರ್ಗದಲ್ಲೇ ಬರುತ್ತದೆ. ದರ್ಗಾದ ಸೇವೆಗೆಂದು ಕೊಟ್ಟ ಹೊಲವನ್ನು ಮನೆತನದ ಆಸ್ತಿಯೆಂದು ಬರೆದುಬಿಟ್ಟರೆ ಮುಂದಿನ ಅಧ್ಯಾಯಗಳೆಲ್ಲ ಡೊಂಕಾಗುತ್ತವೆ.

ಜಹಗೀರು ಮತ್ತು ಇನಾಮಿನ ವ್ಯತ್ಯಾಸವನ್ನೂ ಇಲ್ಲೇ ತಿಳಿದಿರಬೇಕು. ಜಹಗೀರೆಂದರೆ ಹಳ್ಳಿಯ ಕಂದಾಯವನ್ನು ಸೇವೆಯ ಬದಲಿಗೆ ಎತ್ತಿಕೊಳ್ಳುವ ಅಧಿಕಾರವೇ ಹೊರತು ಮಣ್ಣಿನ ಒಡೆತನವಲ್ಲ. ಇನಾಮೆಂದರೆ ಕಂದಾಯವಿಲ್ಲದೆ ಅನುಭವಿಸಲು ಕೊಟ್ಟ ಭೂಮಿ. ಹನ್ನೆರಡು ಹಳ್ಳಿಗಳ ಒಡೆಯರೆಂಬ ಮಾತನ್ನು ಇದರ ಬೆಳಕಿನಲ್ಲಿ ತೂಗಿ ನೋಡಿದರೆ, ಎಷ್ಟೋ ಸಲ ಹನ್ನೆರಡು ಹಳ್ಳಿಗಳ ಕಂದಾಯದಲ್ಲಿ ಒಂದು ಪಾಲು ಎಂದಷ್ಟೇ ಉಳಿಯುತ್ತದೆ. ಮನೆಯ ಹಿರಿಯರಿಗೆ ಇದು ರುಚಿಸುವುದಿಲ್ಲ.

ನನ್ನ ದೃಷ್ಟಿಯಲ್ಲಿ ಇಡೀ ಹುಡುಕಾಟದ ಗಣಿಯೆಂದರೆ ಬ್ರಿಟಿಷರ ಇನಾಮ್ ಕಮಿಷನ್ನಿನ ಕಾಗದಗಳು. ದಕ್ಷಿಣ ಮರಾಠಾ ಸೀಮೆಯಲ್ಲಿ ಇನಾಮುಗಳ ವಿಚಾರಣೆ 1843ರಲ್ಲಿ ಆರಂಭವಾಗಿ, 1852ರ ಹನ್ನೊಂದನೆಯ ಕಾಯ್ದೆಯಿಂದ ಅದಕ್ಕೆ ಶಾಸನದ ಬಲ ಬಂದಿತು. ಕಂದಾಯವಿಲ್ಲದೆ ಭೂಮಿ ಅನುಭವಿಸುತ್ತಿದ್ದವರು ಅದು ಯಾರಿಂದ, ಯಾವಾಗ, ಯಾವ ಷರತ್ತಿನ ಮೇಲೆ ಬಂದಿತೆಂಬುದನ್ನು ಸನದು (ಹಕ್ಕುಪತ್ರ) ಸಮೇತ ತೋರಿಸಬೇಕಾಯಿತು. ಹಾಗಾಗಿ ಮನೆತನದ ಕೈಫಿಯತ್ತು (ಅವರೇ ಬರೆಸಿಕೊಟ್ಟ ವೃತ್ತಾಂತ), ವಂಶಾವಳಿ, ಸಾಕ್ಷಿಗಳ ಹೇಳಿಕೆ ಎಲ್ಲವೂ ಒಂದೇ ಕಡೆ ಸೇರಿದವು. ಹಕ್ಕು ಕಳೆದುಕೊಂಡ ಮನೆಗಳ ಕಥೆಯೂ ಅಲ್ಲಿದೆ. ಆದರೆ ಆ ವಂಶಾವಳಿಯನ್ನು ಹಾಗೆಯೇ ಇಳಿಸಿಕೊಳ್ಳಬೇಡಿ. ಅದು ಹಕ್ಕು ಉಳಿಸಿಕೊಳ್ಳಲು ಬರೆಸಿದ್ದು. ಜಗಳವಾಡಿ ಬೇರೆಯಾದ ತಮ್ಮನ ಕವಲು ಮತ್ತು ಹೆಣ್ಣುಮಕ್ಕಳು ಅದರಿಂದ ಸುಲಭವಾಗಿ ಜಾರಿಹೋಗುತ್ತಾರೆ. ಮುಂದೆ 1863ರ ಕಾಯ್ದೆಗಳು, ಇನಾಮದಾರನು ತೀರುವೆಯ ಒಂದು ಪಾಲನ್ನು ವರ್ಷವರ್ಷವೂ ಕಟ್ಟಲು ಒಪ್ಪಿದರೆ ಹೆಚ್ಚಿನ ವಿಚಾರಣೆಯಿಲ್ಲದೆ ಭೂಮಿಯನ್ನು ಖಾಯಂ ಮಾಡಿದವು. ಮಾರಾಟ, ಅಡವು, ವಾಟಣಿಯ (ಪಾಲು ಹಂಚಿಕೆಯ) ಪತ್ರಗಳನ್ನು ಅಲ್ಲಿಂದ ಮುಂದಿನ ವರ್ಷಗಳಲ್ಲಿ ವಿಶೇಷವಾಗಿ ಹುಡುಕಬೇಕು.

ಈ ಕಾಗದಗಳು ವಿಜಯಪುರದಲ್ಲೇ ಸಿಗುತ್ತವೆಂದು ಕಾಯುವುದು ವ್ಯರ್ಥ. 1956ರವರೆಗೆ ನಮ್ಮ ಜಿಲ್ಲೆಗಳು ಮುಂಬೈಗೆ ಸೇರಿದ್ದವು. ಇನಾಮ್ ಕಮಿಷನ್ ಮತ್ತು ಪೇಶ್ವೆ ದಫ್ತರದ ರುಮಾಲುಗಳನ್ನು (ಬಟ್ಟೆಯಲ್ಲಿ ಕಟ್ಟಿಟ್ಟ ಕಾಗದದ ಗಂಟುಗಳನ್ನು) ಪುಣೆಯ ಪತ್ರಾಗಾರದಲ್ಲಿ ನೋಡಬೇಕು. ಹುಡುಕುವಾಗ ಹಳೆಯ ಆಡಳಿತದ ಹೆಸರು ಗೊತ್ತಿರಲಿ. 1885ರವರೆಗೆ ಜಿಲ್ಲೆಯ ಕೇಂದ್ರ ಕಲಾದಗಿಯಾಗಿತ್ತು. ಅದಕ್ಕೂ ಮೊದಲು, 1848ರ ತನಕ, ವಿಜಯಪುರ ಪಟ್ಟಣ ಸಾತಾರದ ರಾಜರ ಕೆಳಗಿತ್ತು. ಬಹುತೇಕ ಕಾಗದಗಳು ಮರಾಠಿಯ ಹಳೆಯ ಕೂಡುಬರಹವಾದ ಮೋಡಿ ಲಿಪಿಯಲ್ಲಿರುವುದರಿಂದ ಅದನ್ನು ಓದಬಲ್ಲವರಿಗೆ ಹಣ ಕೊಟ್ಟಾದರೂ ಓದಿಸಬೇಕು. ಇನಾಮದಾರ, ಖಾಜಿ, ದೇಸಾಯಿ ಎಂಬುವು ಹುದ್ದೆ ಅಥವಾ ಹಕ್ಕಿನಿಂದ ಬಂದ ಅಡ್ಡಹೆಸರುಗಳೆಂಬುದೂ ನೆನಪಿರಲಿ. ನಮ್ಮಲ್ಲಿ ಬ್ರಾಹ್ಮಣ ಇನಾಮದಾರರೂ ಲಿಂಗಾಯತ ಇನಾಮದಾರರೂ ಇದ್ದಾರೆ. ಅಡ್ಡಹೆಸರು ಕೂಡಿತೆಂದು ನೆಂಟಸ್ತನ ಹಚ್ಚಬಾರದು.

ಇಸವಿಯ ಲೆಕ್ಕದಲ್ಲಿ ಎಚ್ಚರ ತಪ್ಪಿದರೆ ದೊಡ್ಡ ಎಡವಟ್ಟಾಗುತ್ತದೆ. ಒಮ್ಮೆ 1271 ಎಂದಿದ್ದ ಕಾಗದವನ್ನು ನಾನು ಹಿಜರಿಯೆಂದು ಓದಿ 1855ರ ಸುಮಾರಿಗೆ ಹಾಕಿದೆ. ತಂದೆ ಬದುಕಿರುವಾಗಲೇ ಮಗ ವಾರಸುದಾರನಾದಂತೆ ಕಂಡಿತು. ಅದು ಫಸಲಿ, ಅಂದರೆ ಕಂದಾಯದ ಲೆಕ್ಕಕ್ಕೆ ಬಳಸುವ ವರ್ಷವಾಗಿತ್ತು. ದಖ್ಖನಿನ ಫಸಲಿಗೆ 590 ಕೂಡಿಸಬೇಕು. ಆಗ 1861–62 ಬರುತ್ತದೆ, ತಂದೆ ತೀರಿಕೊಂಡಿದ್ದು ಅದಕ್ಕೆ ಮೊದಲೇ. ಪೇಶ್ವೆ ಕಾಲದ ಕಾಗದಗಳಲ್ಲಿ ಸುಹೂರ್ ಸನ್ ಎಂಬ ಬೇರೊಂದು ವರ್ಷಗಣನೆ ಇರುತ್ತದೆ. ಅದನ್ನು ಅಂಕಿಯ ಬದಲು ಅರಬ್ಬಿ ಸಂಖ್ಯಾವಾಚಕಗಳಲ್ಲಿ ಬರೆಯುತ್ತಿದ್ದರು. ‘ಸಮಾನ ಅಶರ್ ಮಯಾತೈನ್ ವ ಅಲಫ್’ ಎಂದರೆ ಎಂಟು, ಹತ್ತು, ಇನ್ನೂರು, ಸಾವಿರ, ಅಂದರೆ 1218. ಅದಕ್ಕೆ 599 ಕೂಡಿಸಿದರೆ ಮೃಗಶಿರ ಮಳೆಯ ಹೊತ್ತಿಗೆ ಆರಂಭವಾಗುವ 1817–18ರ ವರ್ಷ ದೊರೆಯುತ್ತದೆ. ಪೇಶ್ವೆಯ ಆಳ್ವಿಕೆ ಮುಗಿದದ್ದೂ ಅದೇ ವರ್ಷ.

ವಂಶಾವಳಿಯಲ್ಲಿ ಕಾಣದ ಹೆಂಗಸರನ್ನು ನಿಕಾಹ್‌ನಾಮೆಗಳಲ್ಲಿ, ಮಹರಿನ (ಮದುವೆಯಲ್ಲಿ ಗಂಡ ಹೆಂಡತಿಗೆ ಕೊಡಬೇಕಾದ ಹಣದ) ಬದಲಿಗೆ ಹೊಲ ಬರೆದುಕೊಟ್ಟ ಪತ್ರಗಳಲ್ಲಿ ಮತ್ತು ಗೋರಿಗಳಲ್ಲಿ ಹುಡುಕಬೇಕು. ಹಳೆಯ ಗೋರಿಗಳ ಮೇಲೆ ಸಾಮಾನ್ಯವಾಗಿ ಗಂಡಸರಿಗೆ ಕಲಮ್‌ದಾನಿಯಂಥ (ಲೇಖನಿ ಪೆಟ್ಟಿಗೆಯಂಥ) ಉಬ್ಬನ್ನೂ ಹೆಂಗಸರಿಗೆ ಚಪ್ಪಟೆ ಹಲಗೆಯ ಆಕಾರವನ್ನೂ ಕಡೆಯುತ್ತಿದ್ದರು; ಅಕ್ಷರ ಅಳಿಸಿಹೋದಲ್ಲಿಯೂ ಕುಟುಂಬದ ಸಾಲಿನಲ್ಲಿ ಹೆಂಗಸರ ಗೋರಿ ಯಾವುದೆಂದು ಊಹಿಸಲು ಇದು ನೆರವಾಗುತ್ತದೆ.

ಆದಿಲಶಾಹಿ ಅಥವಾ ಮೊಗಲ್ ಫರ್ಮಾನು (ರಾಜಾಜ್ಞೆಯ ಪತ್ರ) ಮನೆಯಲ್ಲಿದ್ದರೆ ಅದರ ಸರದಿ ಬರುವುದು ಇವೆಲ್ಲ ಮುಗಿದ ಮೇಲೆ. ಆದಿಲಶಾಹಿ ಕಾಗದಗಳಲ್ಲಿ ಹಲವು ಫಾರ್ಸಿಯ ಜೊತೆಗೆ ಮರಾಠಿಯಲ್ಲೂ ಇವೆ. ‘ನಸ್ಲನ್ ಬಾದ್ ನಸ್ಲನ್’, ಅಂದರೆ ತಲೆಮಾರಿನಿಂದ ತಲೆಮಾರಿಗೆ, ಎಂಬ ಮಾತು ಇದೆಯೋ ಇಲ್ಲವೋ ನೋಡಿ. ಇನಾಮು ವಂಶಪಾರಂಪರ್ಯವೋ ಒಬ್ಬನ ಜೀವಮಾನಕ್ಕೆ ಮಾತ್ರವೋ ಎಂಬುದು ಅದರಿಂದ ತಿಳಿಯುತ್ತದೆ. ಮೊಗಲ್ ಫರ್ಮಾನಿನ ಹಿಂಬದಿಯ ಟಿಪ್ಪಣಿಗಳಲ್ಲಿ ಭೂಮಿಯ ವಿವರವೂ ಅಧಿಕಾರಿಗಳ ಮೊಹರುಗಳೂ ಇರುತ್ತವೆ. ನಮ್ಮ ಮನೆಗಳಲ್ಲಿ ಅಭಿಮಾನಕ್ಕೆಂದು ಫರ್ಮಾನನ್ನು ಪ್ಲೈವುಡ್ಡಿಗೆ ಅಂಟಿಸಿ ಗಾಜು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕುವ ರೂಢಿಯಿದೆ. ಬಲ್ಲವರ ಕೈಯಿಂದ ಅದನ್ನು ಬಿಡಿಸಿ, ಹಿಂಬದಿಯ ಚಿತ್ರವನ್ನೂ ತೆಗೆಸಿಕೊಳ್ಳಿ.