ಗೃಹಲಕ್ಷ್ಮಿ ಹಣದಿಂದ ಸ್ವಂತ ದುಡಿಮೆಗೆ: ಮನೆಯವರ ಜತೆ ಕೂತು ಲೆಕ್ಕ ಹಾಕುವ ಬಗೆ

ಗೃಹಲಕ್ಷ್ಮಿ ಹಣ ಬರುವ ಮನೆಗೆ ಸ್ವಂತ ದುಡಿಮೆಯ ಸಲಹೆ ಕೊಡಲು ಹೋದಾಗ, ಮೊದಲ ಭೇಟಿಯಲ್ಲೇ "ಏನು ಉದ್ಯೋಗ ಮಾಡ್ತೀರಿ?" ಎಂದು ಕೇಳಬೇಡಿ. ಕೇಳಿದರೆ ಪಕ್ಕದ ಮನೆಯವರು ಮಾಡುತ್ತಿರುವುದನ್ನೇ ಹೇಳುತ್ತಾರೆ: ಹೊಲಿಗೆ ಮೆಷಿನ್, ಇಲ್ಲವೇ ಮೇಕೆ. ಅದರ ಬದಲು ಒಂದು ನೋಟ್‌ಬುಕ್ ಕೊಟ್ಟು, 4 ವಾರ ಬಂದದ್ದು ಹೋದದ್ದು ಬರೆಸಿ. ಯಜಮಾನಿಗೆ ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಗು ಬರೆಯಲಿ.

ಆ ಪುಟಗಳಲ್ಲಿ ಮೊದಲು ಹುಡುಕಬೇಕಾದ್ದು ಬಡ್ಡಿ. ₹10,000 ಕೈಸಾಲಕ್ಕೆ ತಿಂಗಳಿಗೆ ನೂರಕ್ಕೆ 5ರಂತೆ ₹500. ಗೃಹಲಕ್ಷ್ಮಿಯ ತಿಂಗಳ ₹2,000ದಲ್ಲಿ ಕಾಲು ಪಾಲು ಅಲ್ಲೇ ಹೋಯಿತು. ವರ್ಷಕ್ಕೆ ಶೇ 60! ಹಾಗಾಗಿ ಸ್ವಸಹಾಯ ಸಂಘದ ಮೊದಲ ಸಾಲ ಈ ಕೈಸಾಲ ತೀರಿಸುವುದಕ್ಕೇ ಹೋಗಲಿ, ಬಂಡವಾಳ ಆಮೇಲೆ.

ಇನ್ನೊಂದು ತೊಡಕು ಹೆದರಿಕೆ. "ದುಡಿಮೆ ಶುರು ಮಾಡಿದ್ರೆ ದುಡ್ಡು ನಿಲ್ಲಿಸ್ತಾರಂತೆ" ಎಂಬ ಮಾತು ಎಲ್ಲ ಊರಲ್ಲೂ ಇದೆ. ಯಜಮಾನಿಯಾಗಲಿ ಗಂಡನಾಗಲಿ ಆದಾಯ ತೆರಿಗೆ ಕಟ್ಟುವವರಾದರೆ ಅಥವಾ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾದರೆ ಗೃಹಲಕ್ಷ್ಮಿ ಸಿಗದು. ರಾಜ್ಯದೊಳಗೆ ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಾಗುವುದು ವರ್ಷದ ವಹಿವಾಟು ₹40 ಲಕ್ಷ ದಾಟಿದಾಗ. ಹಪ್ಪಳ ಮಾರಿ ಅಷ್ಟು ಮುಟ್ಟಿದವರಿಗೆ ನಮ್ಮ ಸಲಹೆ ಬೇಕಾಗಲಿಕ್ಕಿಲ್ಲ. ಏಜೆಂಟನ ಮಾತು ಕೇಳಿ ಸುಮ್ಮನೆ ಜಿಎಸ್‌ಟಿ ನಂಬರ್ ಮಾಡಿಸಿಕೊಂಡು ರಿಟರ್ನ್ ಸಲ್ಲಿಸುವವರಿಗೇ ಪೆಟ್ಟು. ಬಿಪಿಎಲ್ ಕಾರ್ಡಿನ ಮಿತಿ ಬೇರೆ, ವರ್ಷಕ್ಕೆ ₹1.2 ಲಕ್ಷ ಆದಾಯ. ಅದನ್ನು ಮುಚ್ಚಿಡದೆ ಮೊದಲೇ ಹೇಳಿಬಿಡಿ.

ಉದ್ಯೋಗ ಆರಿಸುವಾಗ ಲಾಭಕ್ಕಿಂತ ಮೊದಲು, ಹಣ ಯಾವಾಗ ಕೈಸೇರುತ್ತದೆ ನೋಡಿ. ಮೇಕೆಯ ಗಬ್ಬ 5 ತಿಂಗಳು, ಮರಿ ಮಾರಾಟಕ್ಕೆ ಬರಲು ಇನ್ನೂ 6–8 ತಿಂಗಳು. ಸಂಘದ ಕಂತು ಮಾತ್ರ ವಾರವಾರ. ಕಂತಿಗೆಂದು ಗಬ್ಬದ ಮೇಕೆಯನ್ನೇ ಸಂತೆಗೆ ಹೊಡೆದರೆ ಕಥೆ ಮುಗಿಯಿತು. ಮೇಕೆಯ ಜತೆಗೆ ವಾರದ ದುಡ್ಡಿಗೆ ಮೊಟ್ಟೆಯೋ, 25–30 ದಿನಕ್ಕೆ ಕೊಯ್ಲಿಗೆ ಬರುವ ಮೆಂತ್ಯವೋ ಇರಲಿ. ಗೃಹಲಕ್ಷ್ಮಿ ಹಣ ತಡವಾಗುವುದುಂಟು, ಕಂತಿನ ಲೆಕ್ಕಕ್ಕೆ ಅದನ್ನು ಸೇರಿಸಬೇಡಿ. ವಿಮೆ ಮಾಡಿಸಿದ ಮೇಕೆಯ ಕಿವಿ ಓಲೆ (ಗುರುತಿನ ಬಿಲ್ಲೆ) ಬಿದ್ದರೆ ಅಂದೇ ತಿಳಿಸಿ ಹೊಸದು ಹಾಕಿಸಿ. ಓಲೆಯಿಲ್ಲದೆ ಸತ್ತರೆ ಪರಿಹಾರವಿಲ್ಲ.

ಕಸುಬು ಕಲಿಯಲು 1982ರಲ್ಲಿ ಉಜಿರೆಯಲ್ಲಿ ಶುರುವಾದ ಸ್ವ-ಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟ್‌ನ ಮಾದರಿಯ ಸಂಸ್ಥೆಗಳಿವೆ. ತರಬೇತಿ, ಊಟ, ವಸತಿ ಉಚಿತ. ಆದರೆ ತರಬೇತಿ ಮುಗಿಸಿ ಬಂದ ಮೇಲೆ ಅವರನ್ನು ಒಬ್ಬರನ್ನೇ ಬಿಟ್ಟರೆ ಕೆಲಸ ನಿಲ್ಲುತ್ತದೆ. ಬಾಂಗ್ಲಾದೇಶದ ಸ್ವಯಂಸೇವಾ ಸಂಸ್ಥೆ ಬ್ರಾಕ್ 2002ರಿಂದ ಕಡುಬಡವರಿಗಾಗಿ ನಡೆಸಿದ ಕಾರ್ಯಕ್ರಮದಲ್ಲಿ ಸುಮಾರು 2 ವರ್ಷ ಮನೆಭೇಟಿ ಇದ್ದದ್ದು ಇದಕ್ಕೇ. ಮೊದಲ 3 ತಿಂಗಳು ವಾರಕ್ಕೊಮ್ಮೆ ಹೋಗಿ, ಆಮೇಲೆ 15 ದಿನಕ್ಕೊಮ್ಮೆ. ಹೋದಾಗಲೆಲ್ಲ ನೋಟ್‌ಬುಕ್ ಬಿಚ್ಚಿಸಿ, ಮಾರಿದ ದುಡ್ಡು ಯಾರ ಪಾಸ್‌ಬುಕ್ಕಿಗೆ ಬಿತ್ತು ಎಂದು ಕೇಳಿ.