ಜಿಪ್ಸಿಗೆ 235 ಟೈರು, ಎರಡೇ ಇಂಚು ಲಿಫ್ಟು

"235/75 ಆರ್15 ಹಾಕ್ಬೇಕಂದ್ರೆ ಸ್ಪ್ರಿಂಗ್-ಓವರ್ ಮಾಡಿಸ್ಲೇಬೇಕು, ಎರಡಿಂಚಲ್ಲಿ ಫೆಂಡರ್ ಹರ್ಕೊಂಡು ಹೋಗುತ್ತೆ." ಮಾರುತಿ ಜಿಪ್ಸಿ ಇಟ್ಟುಕೊಂಡವರೆಲ್ಲ ಹೇಳಿದ್ದು ಇದನ್ನೇ. ಸ್ಪ್ರಿಂಗ್-ಓವರ್ ಅಂದರೆ ಆಕ್ಸಲಿನ ಕೆಳಗಿರುವ ಪ್ಲೇಟ್ ಸ್ಪ್ರಿಂಗನ್ನು ಅದರ ಮೇಲಕ್ಕೆ ತಂದು ಗಾಡಿಯನ್ನು ಎತ್ತರಿಸುವುದು. ನಾನು ಅದನ್ನು ಮಾಡಿಸದೆ ಎರಡೇ ಇಂಚು ಲಿಫ್ಟ್ ಕೊಟ್ಟು, ಅಂದರೆ ಗಾಡಿಯನ್ನು ಎತ್ತರಿಸಿ, ಅದೇ ಟೈರು ಹಾಕಿದೆ. ಈಗ ಎರಡು ಮಳೆಗಾಲ ಕಳೆದಿದೆ. ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ದಾರಿಗಳ ಜೇಡಿಯಲ್ಲಿ ಓಡಿದ ಮೇಲೂ ಟೈರಿನ ಭುಜದ ಮೇಲೆ ಉಜ್ಜಿದ ಗುರುತಿಲ್ಲ. ಹಾಗಾಗಿ ಲೆಕ್ಕ ಬರೆದಿಡುತ್ತಿದ್ದೇನೆ. ಅಂಕಿಗಳು ನೆನಪಿನಿಂದ ಬರೆದವು, ನಾಲ್ಕೈದು ಮಿಲಿಮೀಟರ್ ಆಚೀಚೆ ಆದೀತು.

ಗಾಡಿ ಜಿಪ್ಸಿಯ ಎಂಜಿ413ಡಬ್ಲ್ಯು ಮಾದರಿ. ಕಂಪನಿ ಟೈರು 205/70 ಆರ್15, ಎತ್ತರ 668 ಮಿಮೀ. ಹೊಸದು 733. ಅಂದರೆ ಅರ್ಧವ್ಯಾಸದಲ್ಲಿ 33 ಮಿಮೀ ಹೆಚ್ಚು. ಆಕ್ಸಲಿನಲ್ಲಿ ಉಬ್ಬಿರುವ ಡಿಫರೆನ್ಷಿಯಲ್ ಗುಂಡಿನ ಕೆಳಗೆ, ನೆಲದಿಂದ ಸಿಗುವ ಲಾಭ ಈ 33 ಮಿಮೀ ಮಾತ್ರ. ಎರಡಿಂಚು ಎತ್ತಿ, ಐದಿಂಚು ಎತ್ತಿ, ಅದು ಒಂದು ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ. ಲಿಫ್ಟ್ ಇರುವುದು ಟೈರು ಮೇಲೆ ಬಂದಾಗ ಜಾಗ ಮಾಡಿಕೊಡುವುದಕ್ಕೆ. ಎಡ-ಬಲ ಚಕ್ರಗಳ ನಡುವೆ 1300 ಮಿಮೀ ಅಂತರ (ಟ್ರ್ಯಾಕ್) ಮಾತ್ರ ಇರುವ ಗಾಡಿಯನ್ನು ಸ್ಪ್ರಿಂಗ್-ಓವರ್ ಮಾಡಿ ಐದಿಂಚು ಏರಿಸಿದರೆ ಪಕ್ಕದ ಇಳಿಜಾರಿನಲ್ಲಿ ಕೂತವರಿಗೇ ಗೊತ್ತು ಪಾಡು. ಅದರ ಜೊತೆ ಎಳೆತಕ್ಕೆ ಆಕ್ಸಲ್ ತಿರುಚಿಕೊಳ್ಳುವುದು, ಸ್ಟಿಯರಿಂಗಿನ ಡ್ರ್ಯಾಗ್ ಲಿಂಕ್ ಸರಳನ್ನು ಹೊಸದಾಗಿ ಮಾಡಿಸುವುದು, ಪ್ರೊಪೆಲ್ಲರ್ ಶಾಫ್ಟಿನ ಕೋನ ಸರಿಮಾಡಿಸುವುದು ಎಲ್ಲ ಸೇರಿ ಖರ್ಚು ಒಂದು ಲಕ್ಷ ದಾಟುತ್ತದೆ.

ಎಲ್ಲರೂ ಮೊದಲು ಕಿಟ್ ಕೊಳ್ಳುತ್ತಾರೆ, ಆಮೇಲೆ ಟೈರು ಎಲ್ಲಿ ತಾಗುತ್ತದೆ ಎಂದು ಹುಡುಕುತ್ತಾರೆ. ನಾನು ಮಾಡಿದ್ದು ಉಲ್ಟಾ. ಅದೇ ಸೈಜಿನ ಒಂದು ಹಳೇ ಟೈರನ್ನು ಎರವಲು ತಂದು, ಚಾಸಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಸ್ಪ್ರಿಂಗ್ ಕಟ್ಟಿನಿಂದ ಮೇನ್ ಲೀಫ್ (ಮುಖ್ಯ ಪ್ಲೇಟು) ಒಂದನ್ನು ಬಿಟ್ಟು ಉಳಿದ ಪ್ಲೇಟ್‌ಗಳನ್ನೆಲ್ಲ ಬಿಚ್ಚಿದೆ. ಆಗ ಟ್ರಾಲಿ ಜಾಕಿನಲ್ಲೇ ಆಕ್ಸಲಿನ ಒಂದು ಪಕ್ಕವನ್ನು, ಅದು ಇನ್ನೂ ಮೇಲೇರದಂತೆ ತಡೆಯುವ ರಬ್ಬರು ಅಂದರೆ ಬಂಪ್‌ಸ್ಟಾಪ್ ಮುಟ್ಟುವವರೆಗೆ ಎತ್ತಬಹುದು. ಪೂರ್ತಿ ಕಟ್ಟು ಇದ್ದರೆ ಗಾಡಿಯೇ ಎದ್ದು ಬರುತ್ತದೆ. ಜಿಪ್ಸಿಯಲ್ಲಿ ಆಕ್ಸಲ್ ಕೂರುವುದು ಮೇನ್ ಲೀಫಿನ ಮೇಲೆ, ಉಳಿದ ಪ್ಲೇಟ್‌ಗಳೆಲ್ಲ ಅದರ ಕೆಳಗೆ. ಹಾಗಾಗಿ ಅವನ್ನು ತೆಗೆದರೂ ಮೇಲಿನ ಅಳತೆ, ಅಂದರೆ ಆಕ್ಸಲ್ ಪೂರ್ತಿ ಮೇಲೆ ಬಂದಾಗಿನ ಅಳತೆ, ಕೆಡುವುದಿಲ್ಲ, ಆಕ್ಸಲನ್ನು ಸ್ಪ್ರಿಂಗಿಗೆ ಬಿಗಿಯುವ ಯು-ಬೋಲ್ಟಿಗೆ ಮಾತ್ರ ತುಂಡು ಪ್ಯಾಕಿಂಗ್ ಕೊಡಬೇಕು. ಎತ್ತಿ ಹಿಡಿದು ಸ್ಟಿಯರಿಂಗನ್ನು ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಿ, ತಾಗುವ ಕಡೆ ಸುಣ್ಣದ ಗುರುತು ಹಾಕಿ.

ಮೊದಲು ಕಂಪನಿ ಟೈರಿನಲ್ಲಿ ನೋಡಿದಾಗ ಪೂರ್ತಿ ಮೇಲೆ ಬಂದರೂ ಫೆಂಡರಿಗೆ ಸುಮಾರು 15 ಮಿಮೀ ಉಳಿಯುತ್ತಿತ್ತು. ಫೆಂಡರಿನ ಒಳಮಡಿಕೆಯಿಂದ 20 ಕತ್ತರಿಸಿದೆ. ಒಟ್ಟು 35, ಅದರಲ್ಲಿ ಹೊಸ ಟೈರು 33 ತಿಂದಿತು. ಉಳಿದದ್ದು ಎರಡೇ. ಒಂದು ಪಕ್ಕ ಮಾತ್ರ ಮೇಲೆದ್ದಾಗ ಚಕ್ರ ಸ್ಪ್ರಿಂಗಿನ ಹೊರಗಿರುವುದರಿಂದ ಬಂಪ್‌ಸ್ಟಾಪ್ ಒಂದಿಂಚು ಚಲಿಸಿದರೆ ಚಕ್ರ ಒಂದೂಕಾಲಿಂಚಾದರೂ ಏರುತ್ತದೆ. ಮೊದಲು 15 ಮಿಮೀ ಬ್ಲಾಕ್ ಹಾಕಿ ಬಂಪ್‌ಸ್ಟಾಪ್ ಇಳಿಸಿದೆ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ (ಲಾಕ್‌ನಲ್ಲಿ) ಹಿಂದಿನ ಮೂಲೆ ತಾಗಿತು. 25 ಹಾಕಿದ ಮೇಲೆ ಸರಿಹೋಯಿತು. ಬಂಪ್‌ಸ್ಟಾಪ್ 25 ಇಳಿದರೆ ಮೇಲಿನ ಓಟ ಅಷ್ಟು ಕಮ್ಮಿಯಾಯಿತು. ಗಾಡಿ 50 ಎತ್ತಿದರೆ ಅದು ವಾಪಸ್ ಬಂದು ಮೇಲೆ ಇನ್ನೂ 25 ಉಳಿಯುತ್ತದೆ. ಎರಡಿಂಚು ಸಾಕು ಎಂದು ಗೊತ್ತಾದದ್ದು ಇಲ್ಲಿ.

ಆ ಎರಡಿಂಚಿನಲ್ಲಿ ಒಂದೂವರೆ ಸ್ಪ್ರಿಂಗ್ ಪ್ಲೇಟಿನ ಕಮಾನಿನಿಂದ ಬಂತು, ಅರ್ಧ ಶ್ಯಾಕಲ್‌ನಿಂದ, ಅಂದರೆ ಸ್ಪ್ರಿಂಗಿನ ಒಂದು ತುದಿಯನ್ನು ಚಾಸಿಗೆ ಸೇರಿಸುವ ಜೋಡಿ ಪಟ್ಟಿಯಿಂದ. ಶ್ಯಾಕಲ್ ಒಂದಿಂಚು ಉದ್ದವಾದರೆ ಗಾಡಿ ಏಳುವುದು ಅರ್ಧವೇ, ಎರಡಿಂಚು ಶ್ಯಾಕಲ್ ತಂದು ಎರಡಿಂಚು ಲಿಫ್ಟ್ ಅನ್ನುವವರನ್ನು ನಂಬಬೇಡಿ. 8 ಮಿಮೀ ಪಟ್ಟಿಯಲ್ಲಿ ಮಾಡಿಸಿ, ನಡುವೆ ಅಡ್ಡಪಟ್ಟಿ ವೆಲ್ಡ್ ಇರಲಿ. ಅಡ್ಡಪಟ್ಟಿ ಇಲ್ಲದ ಮೊದಲ ಜೊತೆ ಪಕ್ಕಕ್ಕೆ ಬಾಗಿತು.

ಕಮಾನು ಏರಿಸುವುದರಲ್ಲಿ ಎರಡು ಸಲ ಕೈ ಸುಟ್ಟಿತು. ತಣ್ಣಗಿನ ಪ್ಲೇಟನ್ನು ಸುತ್ತಿಗೆಯಿಂದ ಬಡಿದು ಬಗ್ಗಿಸಿಕೊಟ್ಟದ್ದು ಮೂರು ತಿಂಗಳಲ್ಲಿ ಒಂದಿಂಚು ಕೂತಿತು. ಎರಡನೇ ಸಲ ದಪ್ಪ ಪ್ಲೇಟು ಒಂದನ್ನು ಪೂರ್ತಿ ಉದ್ದಕ್ಕೆ ಸೇರಿಸಿದೆ. ಎತ್ತರ ನಿಂತಿತು, ಆದರೆ ಹಂಪ್ ಮೇಲೆ ಎತ್ತಿನ ಗಾಡಿ, ಚಕ್ರ ಕೆಳಗಿಳಿಯುವುದೇ ಇಲ್ಲ. ಮೂರನೇ ಸಲ ಕಾಯಿಸಿ ಬಗ್ಗಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದ ಕೊಡುವ ಕುಲುಮೆಯಲ್ಲಿ ಮಾಡಿಸಿ, ದಪ್ಪ ಪ್ಲೇಟು ತೆಗೆದು ಬೇರೆ ಗಾಡಿಯ ತೆಳು ಪ್ಲೇಟು ಮೂರನೇ ಸ್ಥಾನದಲ್ಲಿ ಹಾಕಿದೆ. ಯಾವ ಗಾಡಿಯದು ಎಂದು ಕೇಳಬೇಡಿ, ಗುಜರಿಯಲ್ಲಿ ಈಗಲೇ ಅದರ ರೇಟು ಏರಿದೆ. ಹೊಸ ಕಟ್ಟು ಮೊದಲ ಸಾವಿರ ಕಿಮೀನಲ್ಲಿ ಆರೇಳು ಮಿಮೀ ಕೂರುತ್ತದೆ, ಅಷ್ಟು ಜಾಸ್ತಿ ಕೊಟ್ಟೇ ಬಗ್ಗಿಸಬೇಕು.

ಪ್ಲೇಟ್ ತುದಿಗಳ ನಡುವೆ ಒಂದು ಪ್ರಯೋಗ ಮಾಡಿದೆ. ಅಡುಗೆಮನೆಯ ಪ್ಲಾಸ್ಟಿಕ್ ಕತ್ತರಿಸುವ ಮಣೆಯನ್ನು 3 ಮಿಮೀಗೆ ಇಳಿಸಿ, ಒಂದು ಅಂಗುಲದ ತುಂಡು ಮಾಡಿ ಕೂರಿಸಿದೆ. ಕಿರುಗುಟ್ಟುವಿಕೆ ಪೂರ್ತಿ ನಿಂತಿತು, ಒಂದು ಮಳೆಗಾಲ ಬಾಳಿತು, ಆಮೇಲೆ ಕಾಗದದಷ್ಟಾಗಿ ಜಾರಿಹೋಯಿತು. ಗ್ರಾಫೈಟ್ ಗ್ರೀಸ್ ಅದಕ್ಕಿಂತ ಕೆಟ್ಟದ್ದು, ಮರಳು ಹಿಡಿದು ಪ್ಲೇಟನ್ನೇ ಅರೆಯುತ್ತದೆ.

ದೊಡ್ಡ ದಂಡ ಬಿದ್ದದ್ದು ಶಾಕ್ ಅಬ್ಸಾರ್ಬರಿಗೆ. ಒಂಟಿ ಪ್ಲೇಟಿನಲ್ಲಿ ಆಕ್ಸಲ್ ಜೋತುಬಿದ್ದ ಅಳತೆ ಹಿಡಿದು ಉದ್ದದ ಶಾಕ್ ತಂದೆ. ಒಂಟಿ ಪ್ಲೇಟು ಜೋಲುವಷ್ಟು ಪೂರ್ತಿ ಕಟ್ಟು ಜೋಲುವುದೇ ಇಲ್ಲ! ಉದ್ದದ ಶಾಕ್ ಮುಚ್ಚಿಕೊಂಡಾಗಲೂ 13 ಇಂಚು, ಬಂಪ್‌ಸ್ಟಾಪ್ ಮುಟ್ಟುವಾಗ ಎರಡು ಮೌಂಟ್‌ಗಳ ನಡುವೆ ಇರುವುದು ಹನ್ನೆರಡೂಕಾಲು. ಬಂಪ್‌ಸ್ಟಾಪಿನ ಕೆಲಸ ಶಾಕ್ ಮಾಡಿತು, ಎರಡು ಸೀಲ್ ಹೋಯಿತು, ಒಂದು ಕೆಳಗಿನ ಪಿನ್ ಬಗ್ಗಿತು. 14 ಸಾವಿರ ನೀರಲ್ಲಿ. ಹಾಗಾಗಿ ಮೇಲಿನ ಅಳತೆ ಒಂಟಿ ಪ್ಲೇಟಿನಲ್ಲಿ, ಕೆಳಗಿನ ಅಳತೆ (ಆಕ್ಸಲ್ ಜೋತುಬಿದ್ದಾಗಿನದು) ಪೂರ್ತಿ ಕಟ್ಟಿನಲ್ಲಿ ತೆಗೆಯಿರಿ. ಮುಚ್ಚಿದ ಉದ್ದ ಮೇಲಿನ ಅಳತೆಗಿಂತ ಅರ್ಧ ಇಂಚು ಕಮ್ಮಿ, ತೆರೆದ ಉದ್ದ ಕೆಳಗಿನ ಅಳತೆಗಿಂತ ಅರ್ಧ ಇಂಚು ಹೆಚ್ಚು ಇರಲಿ. ಎರಡೂ ಸಿಗದಿದ್ದರೆ ಮುಚ್ಚಿದ ಉದ್ದ ಸರಿ ಇರುವುದನ್ನೇ ಆರಿಸಿ, ಕೆಳಗಡೆಗೆ ಪಟ್ಟಿ ಕಟ್ಟಿ ನಿಲ್ಲಿಸಬಹುದು. ಶಾಕ್ ಕೊನೆಯ ಖರೀದಿ, ಮೊದಲನೆಯದಲ್ಲ.

ಮುಂದಿನ ಶ್ಯಾಕಲ್ ಇರುವುದು ಸ್ಪ್ರಿಂಗಿನ ಮುಂತುದಿಯಲ್ಲಿ. ಅದು ಉದ್ದವಾದರೆ ಆಕ್ಸಲಿನ ತಲೆ ಮುಂದಕ್ಕೆ ವಾಲಿ ಕಾಸ್ಟರ್, ಅಂದರೆ ಗಾಡಿಯನ್ನು ನೇರ ಓಡಿಸುವ ಹಿಂದಕ್ಕೆ ವಾಲಿದ ಕೋನ, ಕರಗುತ್ತದೆ. ಮೂರೂವರೆ ಡಿಗ್ರಿಯಿದ್ದದ್ದು ಎರಡರೊಳಗೆ ಬಂತು, ಅರವತ್ತು ದಾಟಿದರೆ ಗಾಡಿ ದಾರಿ ಹುಡುಕತೊಡಗಿತು. ಆಕ್ಸಲಿಗೂ ಸ್ಪ್ರಿಂಗಿಗೂ ನಡುವೆ ಎರಡು ಡಿಗ್ರಿಯ ಕಬ್ಬಿಣದ ವೆಜ್ (ಬೆಣೆ) ಹಾಕಿ ಸರಿಮಾಡಿದೆ. ಅಲ್ಯುಮಿನಿಯಂ ಬೇಡ, ಪುಡಿಯಾಗಿ ಯು-ಬೋಲ್ಟ್ ಸಡಿಲವಾಗುತ್ತದೆ. ಸ್ಪ್ರಿಂಗ್ ಕೆಳಗಿರುವ ಗಾಡಿಯಲ್ಲಿ ವೆಜ್‌ನ ದಪ್ಪ ತುದಿ ಮುಂದಕ್ಕೆ. ಸ್ಪ್ರಿಂಗ್-ಓವರ್ ಗಾಡಿ ನೋಡಿ ಹಾಗೆಯೇ ಕೂರಿಸಿದರೆ ಉಲ್ಟಾ ಆಗಿ ಇದ್ದ ಕಾಸ್ಟರೂ ಹೋಗುತ್ತದೆ. ಇದರಿಂದ ಮುಂದಿನ ಪಿನಿಯನ್ ಮೂತಿ (ಡಿಫರೆನ್ಷಿಯಲಿಗೆ ಶಾಫ್ಟ್ ಸೇರುವ ಜಾಗ) ಸ್ವಲ್ಪ ಕೆಳಗಾಗುವುದು ನಿಜ, ಆದರೆ ಮುಂದಿನ ಚಕ್ರವನ್ನು ಆಕ್ಸಲಿನಿಂದ ಬಿಡಿಸುವ ಫ್ರೀವ್ಹೀಲ್ ಹಬ್ ಬಿಟ್ಟಿದ್ದರೆ ರಸ್ತೆಯಲ್ಲಿ ಆ ಶಾಫ್ಟ್ ತಿರುಗುವುದೇ ಇಲ್ಲ.

ಇಷ್ಟಾದರೂ ಸ್ಟಿಯರಿಂಗ್ ನಡುಗಿದರೆ ಲಿಫ್ಟನ್ನು ಬೈಯುವ ಮುಂಚೆ, ಮುಂದಿನ ಚಕ್ರ ಎಡಬಲ ತಿರುಗುವ ಕೀಲಿನ (ನಕಲ್) ಕಿಂಗ್‌ಪಿನ್ ಬೇರಿಂಗ್ ನೋಡಿ. ನಕಲ್ ಸೀಲ್ ಬಿಚ್ಚಿ, ತೂಕದ ಸ್ಪ್ರಿಂಗ್ ಕೊಕ್ಕೆಯಿಂದ ತಿರುಗಿಸುವ ತುದಿಯನ್ನು ಎಳೆದರೆ ಒಂದರಿಂದ ಎರಡು ಕೆಜಿ ಒಳಗೆ ಬಿಗಿ ಇರಬೇಕು. ನನ್ನ ಗಾಡಿಯಲ್ಲಿ ಅದು ಅರ್ಧ ಕೆಜಿಯೂ ಇರಲಿಲ್ಲ, ಶಿಮ್ (ತೆಳು ತಗಡಿನ ಪ್ಯಾಕಿಂಗ್) ಒಂದು ತೆಗೆದ ಮೇಲೆ ನಡುಕ ನಿಂತಿತು. ದೊಡ್ಡ ಟೈರಿನಲ್ಲಿ ಪೂರ್ತಿ ಲಾಕ್ ಹೊಡೆದು ಆಕ್ಸಿಲರೇಟರ್ ಒತ್ತಿದರೆ ತಿರುಗಿದ ಚಕ್ರಕ್ಕೂ ಶಕ್ತಿ ಮುಟ್ಟಿಸುವ ಬರ್ಫೀಲ್ಡ್ ಜಾಯಿಂಟ್ ಸಿಡಿಯುತ್ತದೆ. ಚಕ್ರ ಎಷ್ಟು ತಿರುಗಬೇಕೆಂದು ತಡೆಯುವ ನಕಲ್ ಸ್ಟಾಪ್ ಬೋಲ್ಟನ್ನು ಎರಡು ಸುತ್ತು ಹೊರಗೆ ಬಿಟ್ಟೆ. ಗಾಡಿ ತಿರುಗಿಸಲು ಬೇಕಾದ ಜಾಗ ದೊಡ್ಡದಾಯಿತು, ಆದರೆ ಟೈರು ಸ್ಪ್ರಿಂಗಿಗೆ ತಾಗುವುದೂ ತಪ್ಪಿತು.

ಬ್ರೇಕ್ ಹೋಸ್ ಮೂರೂ ಎರಡಿಂಚು ಉದ್ದದವು. ಎಲ್‌ಎಸ್‌ಪಿವಿ (ಭಾರ ನೋಡಿ ಹಿಂದಿನ ಬ್ರೇಕಿನ ಒತ್ತಡ ಹೊಂದಿಸುವ ವಾಲ್ವ್) ಇರುವ ಗಾಡಿಯಾದರೆ ಅದರ ಬ್ರ್ಯಾಕೆಟ್ ಅಷ್ಟೇ ಇಳಿಸಿ, ಇಲ್ಲದಿದ್ದರೆ ಗಾಡಿ ಖಾಲಿ ಎಂದುಕೊಂಡು ಹಿಂದಿನ ಬ್ರೇಕನ್ನು ಕಡಿಮೆ ಮಾಡಿಬಿಡುತ್ತದೆ. ಶ್ಯಾಕಲ್ ಬೋಲ್ಟ್ ಬಿಗಿ ಮಾಡುವುದು ಗಾಡಿ ಚಕ್ರದ ಮೇಲೆ ನಿಂತ ಮೇಲೆಯೇ. ನೇತಾಡುವಾಗ ಬಿಗಿದರೆ ಬುಶ್ ತಿರುಚಿ ತಿಂಗಳಲ್ಲಿ ಹರಿಯುತ್ತದೆ. ಯು-ಬೋಲ್ಟ್ ಹಳೆಯದು ಬೇಡ, ಹೊಸದನ್ನು ನೂರು ಕಿಮೀ ಓಡಿದ ಮೇಲೆ ಒಮ್ಮೆ, ಐನೂರು ಆದ ಮೇಲೆ ಇನ್ನೊಮ್ಮೆ ಬಿಗಿಯಿರಿ.

ಖರ್ಚು: ಸ್ಪ್ರಿಂಗ್ ಕೆಲಸ ಕೊನೆಯ ಸಲದ್ದು 9 ಸಾವಿರ, ಶ್ಯಾಕಲ್ 3,200, ಎರಡನೇ ಸೆಟ್ ಶಾಕ್ 22 ಸಾವಿರ, ಹೋಸ್ 2,400, ಯು-ಬೋಲ್ಟ್, ವೆಜ್, ಬ್ಲಾಕ್ ಸೇರಿ 2,700. ಒಟ್ಟು ನಲವತ್ತು ಸಾವಿರದ ಆಸುಪಾಸು. ದಂಡ ಹೋದದ್ದು ಬೇರೆ. ಟೈರು, 7 ಇಂಚಿನ ರಿಮ್ ಇದರಲ್ಲಿಲ್ಲ. ಚಾಸಿಯಿಂದ ಬಾಡಿಯನ್ನಷ್ಟೇ ಎತ್ತುವ ಬಾಡಿ ಲಿಫ್ಟ್ ನೈಲಾನ್ ಬಿಲ್ಲೆ ಹಾಕಿಯೂ ನೋಡಿದೆ, ಫ್ಯಾನು ಅದರ ಸುತ್ತಲಿನ ಶ್ರೌಡಿನ ಅಂಚಿಗೆ ತಾಗಿತು, ಅದೇ ಸಂಜೆ ಬಿಚ್ಚಿದೆ. ಸ್ಪೀಡೋ 60 ತೋರಿಸುವಾಗ ಗಾಡಿ ಓಡುವುದು 66ರಲ್ಲಿ, ಐದನೇ ಗೇರ್ ಹೆಸರಿಗಷ್ಟೇ ಉಳಿದಿದೆ. ಗಾಡಿಯಲ್ಲಿ ಮಾಡುವ ಬದಲಾವಣೆಗಳ ಕುರಿತ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಎಲ್ಲರಿಗೂ ಗೊತ್ತಿದೆ, ಹಳೆಯ ಕಟ್ಟು, ಟೈರು ಎಸೆಯದೆ ಅಟ್ಟದಲ್ಲಿಡಿ.

ಈಗ ಲಿಫ್ಟ್ ಅಳೆದರೆ ಮುಂದೆ ಎಡಗಡೆ 46 ಮಿಮೀ, ಬಲಗಡೆ 40. ಚಾಲಕ ಕೂರುವ ಕಡೆ ಜಾಸ್ತಿ ಕೂತಿದೆ. ಮುಂದಿನ ಸಲ ಕಟ್ಟು ಬಿಚ್ಚಿದಾಗ ಬಲಕ್ಕೆ 6 ಮಿಮೀ ಕಮಾನು ಹೆಚ್ಚು ಕೊಡಿಸಬೇಕು.