ಅನ್ನದ ಗುರುತು, ಕ್ಯಾಮೆರಾದ ಗುರುತು: ‘ದಿ ಹಂಗರ್ ಗೇಮ್ಸ್’ ಓದುವ ಬಗೆ

ಮೊದಲು ಒಂದು ಪೆನ್ಸಿಲ್ ಹುಡುಕಿಕೊಳ್ಳಿ. ಪುಸ್ತಕದ ಮೇಲೆ ಗೀಚಬಾರದು ಎಂದು ನಿಮ್ಮ ಮನೆಯಲ್ಲಿ ಕಲಿಸಿದ್ದರೆ ಆ ಪಾಠವನ್ನು ಈ ಒಂದು ಕಾದಂಬರಿಯ ಮಟ್ಟಿಗೆ ಬದಿಗಿಡಿ. ಗ್ರಂಥಾಲಯದಿಂದ ತಂದ ಪ್ರತಿಯಾದರೆ ಮಾತ್ರ ಗೀಚಬೇಡಿ, ಒಂದು ನೋಟ್‌ಬುಕ್ ಪಕ್ಕಕ್ಕಿಟ್ಟುಕೊಳ್ಳಿ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ನಮ್ಮ ಬೀದಿಯ ಕೆಲವು ಹುಡುಗಿಯರು ನನ್ನ ಮನೆಗೆ ಕಾದಂಬರಿ ಓದಲು ಬರುತ್ತಾರೆ. ಅವರಲ್ಲಿ ನನ್ನ ಅಣ್ಣನ ಮಗಳೂ ಒಬ್ಬಳು. ಸುಝಾನ್ ಕಾಲಿನ್ಸ್ 2008ರಲ್ಲಿ ಬರೆದ ಈ ಪುಸ್ತಕವನ್ನು ಮನೆಗೆ ತಂದವಳು ಅವಳೇ. “ಅತ್ತೆ, ಇದರಲ್ಲಿ ನಾಯಕಿ ತುಂಬಾ ಗಟ್ಟಿಗಿತ್ತಿ” ಎಂದಳು. ನನಗೆ ಅಷ್ಟು ಸಾಲಲಿಲ್ಲ. ಗಟ್ಟಿಗಿತ್ತಿ ಎನ್ನುವುದು ಉತ್ತರ, ಅದಕ್ಕೆ ಹಂತಹಂತವಾಗಿ ಲೆಕ್ಕ ಬಿಡಿಸಿ ತೋರಿಸಬೇಕಲ್ಲವೇ?

ಕಥೆಯ ಚೌಕಟ್ಟನ್ನು ಮೊದಲೇ ತಿಳಿದುಕೊಂಡರೆ ನಷ್ಟವಿಲ್ಲ. ಈಗಿನ ಉತ್ತರ ಅಮೆರಿಕ ಅಳಿದು ಪ್ಯಾನೆಮ್ ಎಂಬ ದೇಶವಾಗಿದೆ. ರಾಕಿ ಪರ್ವತಗಳ ನಡುವೆ ಕ್ಯಾಪಿಟಲ್ ಎಂಬ ಶ್ರೀಮಂತ ರಾಜಧಾನಿ, ಅದರ ಸುತ್ತ ಅದನ್ನು ಸಾಕುವ ಹನ್ನೆರಡು ಜಿಲ್ಲೆಗಳು. ಹಿಂದೊಮ್ಮೆ ದಂಗೆ ಎದ್ದ ತಪ್ಪಿಗೆ ಪ್ರತಿ ಜಿಲ್ಲೆಯೂ ವರ್ಷಕ್ಕೊಮ್ಮೆ ಹನ್ನೆರಡರಿಂದ ಹದಿನೆಂಟು ವಯಸ್ಸಿನ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಚೀಟಿ ಎತ್ತಿ ಆರಿಸಿ ಕಳುಹಿಸಬೇಕು. ಆ 24 ಮಕ್ಕಳು ಒಬ್ಬರೇ ಉಳಿಯುವವರೆಗೆ ಪರಸ್ಪರ ಕೊಲ್ಲಬೇಕು, ದೇಶವೆಲ್ಲ ಅದನ್ನು ಟಿವಿಯಲ್ಲಿ ನೋಡಬೇಕು. ಹನ್ನೆರಡನೆಯದು ಅಪಲೇಚಿಯಾದ ಕಲ್ಲಿದ್ದಲು ಗಣಿಗಳ ಜಿಲ್ಲೆ. ಅಲ್ಲಿಯ ಹದಿನಾರರ ಕ್ಯಾಟ್ನಿಸ್ ಎವರ್ಡೀನ್ ತಂಗಿಯ ಬದಲಿಗೆ ತಾನೇ ಹೋಗುತ್ತಾಳೆ. ಏಳೇಳು ಯುವಕ ಯುವತಿಯರನ್ನು ಮಿನೋಟಾರನಿಗೆ ಬಲಿ ಕಳುಹಿಸುವ ಗ್ರೀಕರ ಥೀಸಿಯಸ್ ಕಥೆಯೂ, ಚಾನೆಲ್ ಬದಲಿಸುತ್ತಿದ್ದಾಗ ರಿಯಾಲಿಟಿ ಶೋ ಮತ್ತು ಇರಾಕ್ ಯುದ್ಧದ ದೃಶ್ಯಗಳು ಒಂದರ ಬೆನ್ನಿಗೊಂದು ಬಂದದ್ದೂ ತನಗೆ ಈ ಕಥೆಯನ್ನು ಹೊಳೆಯಿಸಿದವು ಎಂದು ಲೇಖಕಿ ಹೇಳಿದ್ದಾರೆ.

ಮೊದಲ ಅಧ್ಯಾಯವನ್ನು ನಿಧಾನವಾಗಿ ಓದಿ. ಅಲ್ಲಿ ಕಾಳಗವೂ ಇಲ್ಲ, ರಕ್ತವೂ ಇಲ್ಲ ಎಂದು ಮಕ್ಕಳು ಅದನ್ನು ಓಡಿಸಿಕೊಂಡು ಹೋಗುತ್ತಾರೆ. ಆದರೆ ಇಡೀ ಪುಸ್ತಕದ ಬೀಗದ ಕೈ ಅಲ್ಲೇ ಇದೆ, ಅದು ಟೆಸೆರಾ ಎಂಬ ನಿಯಮ. ಹನ್ನೆರಡು ತುಂಬಿದಾಗ ಮಗುವಿನ ಹೆಸರಿನಲ್ಲಿ ಒಂದು ಚೀಟಿ. ಹದಿಮೂರಕ್ಕೆ ಎರಡು, ಹೀಗೆ ಏರುತ್ತ ಹದಿನೆಂಟಕ್ಕೆ ಏಳು. ಇಲ್ಲಿಯವರೆಗೆ ಎಲ್ಲರಿಗೂ ಒಂದೇ ನ್ಯಾಯ. ಆದರೆ ಮನೆಯಲ್ಲಿ ಅನ್ನವಿಲ್ಲದಿದ್ದರೆ ಮಗು ತನ್ನ ಹೆಸರಿನ ಇನ್ನೊಂದು ಚೀಟಿ ಹಾಕಿಸಿ, ಒಬ್ಬರಿಗೆ ವರ್ಷಕ್ಕಾಗುವ ಅಲ್ಪಸ್ವಲ್ಪ ಧಾನ್ಯ, ಎಣ್ಣೆ ಪಡೆಯಬಹುದು. ಮನೆಯಲ್ಲಿ ಎಷ್ಟು ಜನರೋ ಅಷ್ಟು ಚೀಟಿ ಹಾಕಿಸಬಹುದು. ಹಾಕಿದ ಚೀಟಿ ಮರುವರ್ಷ ತೆಗೆದುಹೋಗುವುದಿಲ್ಲ, ಕೂಡುತ್ತಲೇ ಇರುತ್ತದೆ.

ಇಲ್ಲಿ ಪುಸ್ತಕ ಮುಚ್ಚಿ ಲೆಕ್ಕ ಮಾಡಿ. ಕ್ಯಾಟ್ನಿಸಳಿಗೆ ಹದಿನಾರು, ಆದ್ದರಿಂದ ವಯಸ್ಸಿನ ಚೀಟಿಗಳು 5. ತಾನು, ತಾಯಿ, ತಂಗಿ ಎಂದು ವರ್ಷಕ್ಕೆ ಮೂರರಂತೆ ಐದು ವರ್ಷಕ್ಕೆ 15. ಒಟ್ಟು 20. ಅವಳ ಬೇಟೆಯ ಜೊತೆಗಾರ ಗೇಲ್‌ಗೆ ಹದಿನೆಂಟು. ಐವರ ಮನೆ, ಏಳು ವರ್ಷ: 7 ಕೂಡಿಸು 35, ಅಂದರೆ 42. ಮೇಯರ್ ಮಗಳು ಮ್ಯಾಡ್ಜ್‌ಗೂ ಕ್ಯಾಟ್ನಿಸಳದೇ ವಯಸ್ಸು, ಅವಳ ಚೀಟಿಗಳು ಬರೀ 5. ನಾನು ಇದನ್ನು ಕರಿಹಲಗೆಯ ಮೇಲೆ ಬರೆಸಿದಾಗ ಹುಡುಗಿಯರು ಸುಮ್ಮನಾದರು. ಗೇಲ್ ಮ್ಯಾಡ್ಜ್ ಮೇಲೆ ಸಿಡುಕುವುದು ಏಕೆಂದು ಆಮೇಲೆ ಯಾರಿಗೂ ವಿವರಿಸಬೇಕಾಗಲಿಲ್ಲ. ಆ ಸಿಡುಕು ತಪ್ಪು ಮನೆಯ ಬಾಗಿಲು ತಟ್ಟುತ್ತಿದೆ, ಬಡವರು ಅಂಗಡಿಯವರನ್ನು ದ್ವೇಷಿಸುತ್ತ ಕುಳಿತರೆ ಲಾಭ ಕ್ಯಾಪಿಟಲ್‌ಗೆ ಎಂಬುದನ್ನೂ ಅದೇ ಅಧ್ಯಾಯ ಹೇಳುತ್ತದೆ. ಆ ವಾಕ್ಯದ ಕೆಳಗೆ ಗೆರೆ ಎಳೆಯಿರಿ.

ಇನ್ನು ತಂಗಿ ಪ್ರಿಮ್. ಟೆಸೆರಾ ತೆಗೆದುಕೊಳ್ಳಲು ಅಕ್ಕ ಬಿಟ್ಟಿಲ್ಲ, ಆದ್ದರಿಂದ ಸಾವಿರಾರು ಚೀಟಿಗಳ ನಡುವೆ ಅವಳದು ಒಂದೇ ಒಂದು. ಬರುವುದು ಆ ಚೀಟಿಯೇ. ಸಂಭವನೀಯತೆಯ ಪಾಠದಲ್ಲಿ ನಾನು ವರ್ಷವರ್ಷ ಗಂಟಲು ಒಣಗಿಸಿಕೊಳ್ಳುವ ಮಾತು, ಅತಿ ಕಡಿಮೆ ಎಂದರೆ ಸೊನ್ನೆಯಲ್ಲ ಎಂಬುದು, ಈ ಕಾದಂಬರಿಯ ಒಂದು ಪುಟದಲ್ಲಿ ಮಕ್ಕಳಿಗೆ ನಾಟಿಬಿಡುತ್ತದೆ. ಹೊಟ್ಟೆಕಿಚ್ಚಾದದ್ದು ನಿಜ.

ಈಗ ಪೆನ್ಸಿಲ್ಲಿನ ಕೆಲಸ. ಅಂಚಿನಲ್ಲಿ ಎರಡೇ ಗುರುತು ಹಾಕುತ್ತ ಹೋಗಿ. ಊಟದ ಮಾತು ಬಂದಲ್ಲೆಲ್ಲ ‘ಅ’, ಅಂದರೆ ಅನ್ನ. ಯಾರೋ ನೋಡುತ್ತಿದ್ದಾರೆ ಎಂಬ ಎಚ್ಚರ ಕ್ಯಾಟ್ನಿಸಳ ಮಾತಿನಲ್ಲಿ ಕಂಡಲ್ಲೆಲ್ಲ ‘ಕ’, ಅಂದರೆ ಕ್ಯಾಮೆರಾ.

ಆರಂಭದಲ್ಲಿ ‘ಅ’ಗಳೇ ಹೆಚ್ಚು. ತುಳಸಿಯ ಜಾತಿಯ ಎಲೆಯಲ್ಲಿ ಸುತ್ತಿಟ್ಟ ಪ್ರಿಮ್‌ಳ ಆಡಿನ ಚೀಸ್, ಅಳಿಲು ಕೊಟ್ಟು ಬೇಕರಿಯಿಂದ ತಂದ ಬ್ರೆಡ್, ಬೇಕರಿಯವನ ಮಗ, ಮುಂದೆ ಅವಳ ಜೊತೆಗೇ ಆಟಕ್ಕೆ ಹೋಗುವ ಪೀಟಾ ಮಳೆಯಲ್ಲಿ ಎಸೆದ ಸುಟ್ಟ ಬ್ರೆಡ್, ಮರುದಿನ ಶಾಲೆಯ ಅಂಗಳದಲ್ಲಿ ಕಂಡ, ತಿನ್ನಲು ಬರುವ ಡ್ಯಾಂಡೆಲಿಯನ್ ಹೂವು. ಯಾವ ಊಟ ಯಾರ ಕೈಯಿಂದ ಬಂತು, ಅದಕ್ಕೆ ತೆತ್ತದ್ದೇನು ಎಂದು ಗುರುತಿನ ಪಕ್ಕದಲ್ಲಿ ಬರೆಯಿರಿ. ಕ್ಯಾಪಿಟಲ್‌ಗೆ ಹೋದ ಮೇಲೆ ಗುಂಡಿ ಒತ್ತಿದರೆ ಊಟ ಬರುತ್ತದೆ, ಬೆಲೆಯ ಅಂಕಣ ಖಾಲಿ. ಅಂತಹ ಊಟವನ್ನು ತಾನು ಮನೆಯಲ್ಲಿ ಮಾಡಬೇಕಾದರೆ ಎಷ್ಟು ಪಾಡು ಎಂದು ಕ್ಯಾಟ್ನಿಸ್ ಮನಸ್ಸಿನಲ್ಲೇ ಎಣಿಸುತ್ತಾಳೆ. ಗಟ್ಟಿಗಿತ್ತಿಯ ಮೊದಲ ಪುರಾವೆ ನನಗೆ ಸಿಕ್ಕಿದ್ದು ಅಲ್ಲಿ, ಬಿಲ್ಲಿನಲ್ಲಲ್ಲ.

‘ಕ’ ಗುರುತುಗಳು ತಡವಾಗಿ ಶುರುವಾಗಿ, ಆಮೇಲೆ ಅಂಚನ್ನೆಲ್ಲ ತುಂಬಿಬಿಡುತ್ತವೆ. ರೈಲು ನಿಲ್ದಾಣದಲ್ಲಿ ಅವಳು ಅಳುವುದಿಲ್ಲ, ಏಕೆಂದರೆ ಕ್ಯಾಮೆರಾಗಳಿವೆ. ಅಖಾಡದಲ್ಲಿ ಮರದಿಂದ ಇಳಿಯುವಾಗ, ತನ್ನ ಮುಖ ಈಗ ಪರದೆಯ ಮೇಲೆ ಇರುತ್ತದೆ ಎಂದು ಊಹಿಸಿ, ಎಲ್ಲ ಗೊತ್ತಿದ್ದವಳಂತೆ ಒಂದು ನಗೆ ಬೀರುತ್ತಾಳೆ. ನೋಡುವ ಶ್ರೀಮಂತರು ಪ್ರಾಯೋಜಕರಾದರೆ ಮಾತ್ರ ಔಷಧಿ, ಊಟ ಪ್ಯಾರಾಚೂಟಿನಲ್ಲಿ ಇಳಿಯುತ್ತವೆ. ನೀರಿಲ್ಲದೆ ಸಾಯುವಂತಾದಾಗ ಅವಳು ನೀರು ಕೇಳುತ್ತಾಳೆ, ಗುರು ಹೇಮಿಚ್ ಕಳುಹಿಸುವುದಿಲ್ಲ. ಅವನು ಕಳುಹಿಸದಿರುವುದೇ ಒಂದು ಸಂದೇಶ, ನೀರು ಹತ್ತಿರದಲ್ಲೇ ಇದೆ ಎಂದು ಅವಳು ಓದಿಕೊಳ್ಳುತ್ತಾಳೆ. ಈ ಪುಟವನ್ನು ನಾವು ಎರಡು ಬಾರಿ ಗಟ್ಟಿಯಾಗಿ ಓದಿದೆವು.

ಗುಹೆಯ ಅಧ್ಯಾಯಗಳಿಗೆ ಬಂದಾಗ ಒಂದು ಸೋಜಿಗ ಕಾಣುತ್ತದೆ: ‘ಅ’ ಮತ್ತು ‘ಕ’ ಒಂದೇ ಸಾಲಿನ ಪಕ್ಕದಲ್ಲಿ ಕೂರುತ್ತವೆ. ಪೀಟಾನಿಗೆ ಒಂದು ಮುತ್ತು ಕೊಟ್ಟರೆ ಒಂದು ಪಾತ್ರೆ ಸೂಪ್. ಆಟಕ್ಕೆ ಮುಂಚಿನ ಟಿವಿ ಸಂದರ್ಶನದಲ್ಲಿ ತನಗೆ ಇಷ್ಟ ಎಂದು ಕ್ಯಾಟ್ನಿಸ್ ಹೇಳಿದ್ದ ಕುರಿಮಾಂಸದ ಸಾರು ಆಕಾಶದಿಂದ ಇಳಿಯುತ್ತದೆ. ಪ್ರೇಮವೋ ನಟನೆಯೋ ಎಂದು ಹುಡುಗಿಯರು ಜಗಳಕ್ಕೆ ಬೀಳುವುದು ಇಲ್ಲೇ. ಜಗಳವಾಡಲಿ ಬಿಡಿ. ಆದರೆ ವಾದಿಸುವವರು ಅಂಚಿನ ಗುರುತು ತೋರಿಸಿ ವಾದಿಸಬೇಕೆಂಬುದು ನನ್ನ ಮನೆಯ ನಿಯಮ. “ನನಗೆ ಹಾಗನ್ನಿಸಿತು” ಎಂದರೆ ಅಂಕವಿಲ್ಲ.

ಇನ್ನೊಂದು ಎಚ್ಚರಿಕೆ. ಕಥೆ ಹೇಳುವವಳು ಕ್ಯಾಟ್ನಿಸಳೇ, ಅದೂ ವರ್ತಮಾನ ಕಾಲದಲ್ಲಿ. ಮುಂದಿನ ಗಳಿಗೆ ಅವಳಿಗೂ ಗೊತ್ತಿಲ್ಲ. ಹಾಗಾಗಿ ಅವಳು ಕಂಡದ್ದನ್ನು ನಂಬಿ, ಅವಳು ಕಟ್ಟಿದ ಊಹೆಯನ್ನು ಕೂಡಲೇ ನಂಬಬೇಡಿ. ಪೀಟಾ ಮಾಡುವ ಪ್ರತಿ ಒಳ್ಳೆಯ ಕೆಲಸದಲ್ಲೂ ಅವಳಿಗೆ ಹೂಟ ಕಾಣುತ್ತದೆ. ತಾಯಿಯ ವಿಷಯದಲ್ಲಂತೂ ಅವಳು ಕಠಿಣ. ಗಣಿ ಸ್ಫೋಟದಲ್ಲಿ ಗಂಡ ಸತ್ತಾಗ ತಾಯಿ ಮಾತು ಬಿಟ್ಟು ಗೋಡೆ ನೋಡುತ್ತ ಕುಳಿತಳು, ಹನ್ನೊಂದರ ಹುಡುಗಿ ಮನೆ ಹೊತ್ತಳು. ಆ ಸಿಟ್ಟು ಸಹಜ, ಆದರೆ ಅದು ಕಾಯಿಲೆಯೆಂದು ಓದುಗರಿಗೆ ಅರ್ಥವಾಗುವಷ್ಟು ಬೇಗ ಕ್ಯಾಟ್ನಿಸಳಿಗೆ ಆಗುವುದಿಲ್ಲ. ನಾಯಕಿ ಗಟ್ಟಿಗಿತ್ತಿ ಎಂಬ ಕಾರಣಕ್ಕೆ ಅವಳು ಹೇಳಿದ್ದೆಲ್ಲ ಸರಿ ಎಂದುಕೊಂಡು ಓದಿದರೆ ಅರ್ಧ ಪುಸ್ತಕ ಕೈತಪ್ಪುತ್ತದೆ.

ಓದನ್ನು ಎಲ್ಲಿ ನಿಲ್ಲಿಸಬೇಕು ಎಂಬುದೂ ಮುಖ್ಯ. ಕಾಲಿನ್ಸ್ ಮೊದಲು ಮಕ್ಕಳ ಟಿವಿ ಕಾರ್ಯಕ್ರಮಗಳಿಗೆ ಬರೆಯುತ್ತಿದ್ದವರು. ಮೂರು ಭಾಗ, ಭಾಗಕ್ಕೆ ಒಂಬತ್ತರಂತೆ 27 ಅಧ್ಯಾಯ, ಹೆಚ್ಚಿನವುಗಳ ಕೊನೆಯಲ್ಲಿ ಓದುಗರನ್ನು ಮುಂದಕ್ಕೆ ಎಳೆಯುವ ಒಂದು ಕೊಕ್ಕೆ. ಅಧ್ಯಾಯ ಮುಗಿಸಿಯೇ ಮಲಗುತ್ತೇನೆ ಎಂದರೆ ಬೆಳಗಾಗುತ್ತದೆ. ಅಧ್ಯಾಯದ ನಡುವೆ, ಎರಡು ಪ್ಯಾರಾಗಳ ಮಧ್ಯೆ ನಿಲ್ಲಿಸಿ, ನಿದ್ರೆ ಬರುತ್ತದೆ. ಪರೀಕ್ಷೆಯ ವಾರದಲ್ಲಿ ಪುಸ್ತಕವನ್ನು ಮುಟ್ಟಲೇಬೇಡಿ. ಅಧ್ಯಾಯದ ನಡುವೆ ನಿಲ್ಲಿಸುವ ನಿಯಮಕ್ಕೆ ಒಂದೇ ವಿನಾಯಿತಿ: ಹದಿನೇಳನೆಯ ಅಧ್ಯಾಯದ ಕೊನೆ ತಲುಪಿದವರು ಹದಿನೆಂಟನ್ನೂ ಅದೇ ಹೊತ್ತಿಗೆ ಓದಿ ಮುಗಿಸಬೇಕು. ಚಿಕ್ಕವರು ಓದುತ್ತಿದ್ದರೆ ಆ ಹೊತ್ತಿಗೆ ದೊಡ್ಡವರು ಯಾರಾದರೂ ಮನೆಯಲ್ಲಿರಲಿ. ಏಕೆಂದು ಹೇಳಿ ನಿಮ್ಮ ಓದನ್ನು ಕೆಡಿಸುವುದಿಲ್ಲ.

ಯಾವ ವಯಸ್ಸಿಗೆ ಕೊಡಬೇಕು ಎಂದು ಪೋಷಕರು ಕೇಳುತ್ತಾರೆ. ನನ್ನ ಪ್ರಕಾರ ಎಂಟನೆಯ ತರಗತಿಯಿಂದ. ಆಟದ ಮೊದಲ ದಿನವೇ ಹನ್ನೊಂದು ಮಕ್ಕಳು ಸಾಯುತ್ತಾರೆ, ಅವರಲ್ಲಿ ಹೆಚ್ಚಿನವರ ಹೆಸರೂ ನಮಗೆ ತಿಳಿಯುವುದಿಲ್ಲ. ಹೆಸರಿಲ್ಲದ ಸಾವು ಹಗುರವಾಗಿ ದಾಟಿಹೋಗುತ್ತದೆ, ಅದು ಟಿವಿ ಮುಂದೆ ಕುಳಿತ ಕ್ಯಾಪಿಟಲ್‌ನವರಿಗೆ ಆಗುವ ಅನುಭವವೇ. ನಮ್ಮ ಹುಡುಗಿಯರು ನೋಟ್‌ಬುಕ್ಕಿನ ಹಿಂಬದಿಯಲ್ಲಿ ಜಿಲ್ಲೆಯ ಸಂಖ್ಯೆ ಹಾಕಿ ಸತ್ತವರ ಪಟ್ಟಿ ಇಟ್ಟಿದ್ದರು, ಕ್ಯಾಟ್ನಿಸಳ ಕೈಯಿಂದ ಸತ್ತವರಿಗೆ ಪ್ರತ್ಯೇಕ ಸಾಲು. ಆ ಸಾಲು ಖಾಲಿಯಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷಿಗೆ ಹೆದರಬೇಕಿಲ್ಲ. ವಾಕ್ಯಗಳು ಚಿಕ್ಕವು, ಮಾತು ನೇರ. ಮಾಕಿಂಗ್‌ಜೇ, ಟ್ರ್ಯಾಕರ್ ಜ್ಯಾಕರ್, ಏವಾಕ್ಸ್ ಮುಂತಾದ ಪದಗಳನ್ನು ನಿಘಂಟಿನಲ್ಲಿ ಹುಡುಕಿ ಸುಸ್ತಾಗಬೇಡಿ, ಅವು ಲೇಖಕಿಯೇ ಸೃಷ್ಟಿಸಿದವು, ನಾಲ್ಕು ಪುಟದೊಳಗೆ ಅರ್ಥ ತಾನಾಗಿ ತಿಳಿಯುತ್ತದೆ. ಕ್ಯಾಪಿಟಲ್‌ನ ಹಲವರಿಗೆ ಸೀಸರ್, ಸಿನ್ನಾ, ಕ್ಲಾಡಿಯಸ್ ಎಂಬ ರೋಮನ್ ಹೆಸರುಗಳಿರುವುದನ್ನು ಮಾತ್ರ ಗಮನಿಸಿ. ರೋಮ್‌ನಲ್ಲೂ ಅಖಾಡವಿತ್ತು, ಗ್ಲಾಡಿಯೇಟರುಗಳಿದ್ದರು.

2012ರ ಸಿನಿಮಾ ಪುಸ್ತಕದ ನಂತರ. ಕ್ಯಾಟ್ನಿಸಳಾಗಿ ಜೆನಿಫರ್ ಲಾರೆನ್ಸ್ ಚೆನ್ನಾಗಿಯೇ ಅಭಿನಯಿಸಿದ್ದಾರೆ, ಆದರೆ ಕ್ಯಾಟ್ನಿಸಳ ತಲೆಯೊಳಗಿನ ಲೆಕ್ಕಾಚಾರ ಪರದೆಯ ಮೇಲೆ ಕೇಳಿಸುವುದಿಲ್ಲ. ಅದರ ಬದಲಿಗೆ ಸಿನಿಮಾ ಆಟದ ನಿಯಂತ್ರಣ ಕೊಠಡಿಯನ್ನು ತೋರಿಸುತ್ತದೆ. ಪುಸ್ತಕದಲ್ಲಿ ಆ ಕೊಠಡಿಗೆ ನಮಗೆ ಪ್ರವೇಶವಿಲ್ಲ, ಅಖಾಡದಲ್ಲಿ ಬೆಂಕಿ ಏಕೆ ಬಂತು ಎಂಬುದನ್ನು ಕ್ಯಾಟ್ನಿಸಳ ಜೊತೆಗೇ ಊಹಿಸಬೇಕು. ಮಾಕಿಂಗ್‌ಜೇ ಹಕ್ಕಿಯ ಪಿನ್ ಕೊಡುವ ಮ್ಯಾಡ್ಜ್ ಸಿನಿಮಾದಲ್ಲಿ ಇಲ್ಲವೇ ಇಲ್ಲ. ಐದು ಚೀಟಿಯ ಹುಡುಗಿ ಇಪ್ಪತ್ತು ಚೀಟಿಯ ಹುಡುಗಿಗೆ ಚಿನ್ನದ ಪಿನ್ ಕೊಡುವುದು ಹೋದರೆ ಮೊದಲ ಅಧ್ಯಾಯದ ಲೆಕ್ಕದ ಒಂದು ತುದಿಯೇ ಹೋದಂತೆ.

ಪುಸ್ತಕ ಮುಗಿದ ಮೇಲೆ ಬ್ರೆಡ್ಡಿನ ಪ್ರಸಂಗವನ್ನೂ ಒಂಬತ್ತನೆಯ ಅಧ್ಯಾಯದ ಸಂದರ್ಶನವನ್ನೂ ಮತ್ತೆ ಓದಿ. ಪೀಟಾನ ಮಾತುಗಳು ಈ ಬಾರಿ ಬೇರೆ ರೀತಿಯಲ್ಲಿ ಕೇಳಿಸುತ್ತವೆ.

ಮುಂದಿನ ಭಾಗಗಳು 2009 ಮತ್ತು 2010ರಲ್ಲಿ ಬಂದವು. ಎರಡನೆಯದನ್ನು ಕೂಡಲೇ ಶುರುಮಾಡಬಹುದು. ಮೂರನೆಯದಕ್ಕೆ ಸ್ವಲ್ಪ ಬಿಡುವು ಕೊಡಿ, ಅದು ಯುದ್ಧದ ಪುಸ್ತಕ, ಅಲ್ಲಿಯ ಕ್ಯಾಟ್ನಿಸ್ ಮುರಿದುಹೋಗಿದ್ದಾಳೆ. “ಇವಳು ಮೊದಲಿನಂತಿಲ್ಲ” ಎಂದು ನಮ್ಮಲ್ಲಿ ಇಬ್ಬರು ಅರ್ಧಕ್ಕೇ ಬಿಟ್ಟರು. ಮೂರರಲ್ಲಿ ಅತ್ಯಂತ ಪ್ರಾಮಾಣಿಕವಾದದ್ದು ಅದೇ ಎಂಬುದು ನನ್ನ ಎಣಿಕೆ, ಅಷ್ಟನ್ನು ಕಂಡವಳು ಮೊದಲಿನಂತೆ ಹೇಗಿದ್ದಾಳು? 2020 ಮತ್ತು 2025ರಲ್ಲಿ ಬಂದ ಪುಸ್ತಕಗಳ ಕಥೆ ಇವಕ್ಕಿಂತ ಹಿಂದಿನ ಕಾಲದ್ದು, ಹಾಗೆಂದು ಅವುಗಳಿಂದ ಶುರುಮಾಡಬೇಡಿ. ಬಂದ ಕ್ರಮದಲ್ಲೇ ಓದಿ. 2025ರದ್ದು ಹೇಮಿಚ್ ಹುಡುಗನಾಗಿದ್ದಾಗಿನ ಐವತ್ತನೆಯ ಆಟದ ಕಥೆ. ಅದನ್ನು ಮೊದಲೇ ಓದಿದವರಿಗೆ, ಚೀಟಿ ಎತ್ತುವ ದಿನ ವೇದಿಕೆಯ ಮೇಲೆ ಕುಡಿದು ತೂರಾಡುವ ಹೇಮಿಚ್‌ನನ್ನು ಕಂಡು ನಗಲು ಆಗುವುದಿಲ್ಲ. ಆ ಪುಟದಲ್ಲಿ ಒಮ್ಮೆಯಾದರೂ ನಗಬೇಕು.